ಎಡಗೈಲಿ ದೇವರು, ಎದೆ ಮೇಲೆ ಎಕೋ

ನಮ್ಮ ಹಾರ್ಟ್ ಡಾಕ್ಟರ್ ಮೇಡಂ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ನಾನು ನಿವೃತ್ತಳಾಗಿದ್ದರೂ ಕರೆ ಬಂದಿತ್ತು, ಹೋಗಿದ್ದೆ. ಮಾತಾಡಿದವರೆಲ್ಲ ಅವರನ್ನು ಮಾತೃಹೃದಯಿ, ಮೃದುಭಾಷಿ, ಸಹನಾಮೂರ್ತಿ ಎಂದು ಹೊಗಳಿದರು. ಮೃದುಭಾಷಿ ಎಂದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಹಳೆಯ ಆಯಾಗೆ ಕೆಮ್ಮು ಬಂತು. ಸಹನಾಮೂರ್ತಿ ಎಂದಾಗ ನನಗೂ ಬಂತು. ಮಾಲೆ ಹಾಕಿಸಿಕೊಂಡು ಗಂಭೀರವಾಗಿ ಕುಳಿತಿದ್ದ ಆ ಫೋಟೋದ ಹೆಂಗಸಿನ ಜೊತೆ ನಾನು ಒಂದು ದಿನವೂ ಕೆಲಸ ಮಾಡಿದವಳಲ್ಲ. ನಾನು ಬಲ್ಲ ಮೇಡಂ ಬೇರೆ. ಅವರ ಬಗ್ಗೆ ಅಲ್ಲಿ ಯಾರೂ ಒಂದಕ್ಷರ ಆಡಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೊಸಪೇಟೆಯ ನಮ್ಮ ಆಸ್ಪತ್ರೆ ಅಂಥ ದೊಡ್ಡದೇನಲ್ಲ. ಮೇಡಂ ಬರುವ ತನಕ ಎದೆಯ ಕಾಯಿಲೆ ಎಂದರೆ ಸ್ಟೆತಾಸ್ಕೋಪು, ಇಸಿಜಿ, ಆಮೇಲೆ ಬಳ್ಳಾರಿಗೋ ಹುಬ್ಬಳ್ಳಿಗೋ ಬಸ್ಸು. ಅವರು ಬಂದ ಮೇಲೆ ಎಕೋ ಮಷೀನು ಬಂತು. ಎಕೋ ಎಂದರೆ ಗುಂಡಿಗೆಯ ಸ್ಕ್ಯಾನಿಂಗ್. ಅಂಗೈಯಲ್ಲಿ ಹಿಡಿಯುವಂಥ, ಪ್ರೋಬು ಎಂಬ ಸಾಧನಕ್ಕೆ ಜೆಲ್ ಹಚ್ಚಿ ಎದೆಯ ಮೇಲಿಟ್ಟರೆ ಒಳಗಿನ ಗುಂಡಿಗೆ ಬಡಿದುಕೊಳ್ಳುವುದು, ಅದರ ಕವಾಟಗಳು ತೆರೆದು ಮುಚ್ಚುವುದು, ರಕ್ತ ಹರಿಯುವುದು ಎಲ್ಲ ಪರದೆಯ ಮೇಲೆ ಕಾಣುತ್ತದೆ. ಆ ಕೋಣೆಗೆ ನಾನು ನರ್ಸು. ರೋಗಿಯನ್ನು ಮಲಗಿಸುವುದು, ಸೆರಗು ಸರಿಸುವುದು, ಜೆಲ್ ಒರೆಸುವುದು, ಮೇಡಂ ಬೈದವರನ್ನು ಹೊರಗೆ ಕರೆದುಕೊಂಡು ಹೋಗಿ ನೀರು ಕೊಡುವುದು ನನ್ನ ಕೆಲಸ.

ಮೇಡಂ ಆಳು ಕುಳ್ಳಗೆ. ಎತ್ತರದ ಸ್ಟೂಲಿನ ಮೇಲೆ ಕುಳಿತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಚಪ್ಪಲಿ ಕಳಚಿ ಬಿಟ್ಟು, ಬಾಯಲ್ಲೊಂದು ಏಲಕ್ಕಿ ಹಾಕಿಕೊಂಡು, ಬಾವಿ ಕಟ್ಟೆಯ ಮೇಲೆ ಕುಳಿತ ಹುಡುಗಿಯಂತೆ ಕಾಲಾಡಿಸುತ್ತ ಎಕೋ ಮಾಡುವರು. ಪರದೆಯ ಮೇಲಿನ ಚಿತ್ರ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು, ಆದರೆ ಆ ಕಾಲುಗಳು ಮೊದಲ ವಾರದಲ್ಲೇ ಅರ್ಥವಾದವು. ಆಡುತ್ತಿದ್ದರೆ ಚಿಂತೆಯಿಲ್ಲ. ನಿಂತವೋ, ಒಳಗೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

ಗಣಿಗಾರಿಕೆಯ ಭರಾಟೆಯ ಕಾಲ ಅದು. ಸಂಡೂರಿನ ಗುಡ್ಡಗಳಿಂದ ಚೀನಾಕ್ಕೆ ಹೋಗುವ ಅದಿರು ಹೊತ್ತ ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇರುತ್ತಿದ್ದವು. ಬಿಳಿ ಬಟ್ಟೆ ಒಣಹಾಕಿದರೆ ಸಂಜೆಗೆ ಕಾವಿಯಾಗಿರುತ್ತಿತ್ತು. ಬಾಗಿಲು ಮುಚ್ಚಿದ ನಮ್ಮ ಕೋಣೆಗೂ ಕೆಂಪು ಧೂಳು ನುಗ್ಗಿ ಮಷೀನಿನ ಹಿಂದಿನ ಜಾಲರಿಯಲ್ಲಿ ಕೂರುತ್ತಿತ್ತು. ನಾನು ಬ್ರಷ್ಷು ಹಿಡಿದು ಕೆರೆಯಲು ನಿಂತರೆ ಮೇಡಂ ಸುಮ್ಮನಿರುತ್ತಿರಲಿಲ್ಲ.

"ಚೆಲ್ಲಬ್ಯಾಡ ಸಿಸ್ಟರ್, ಒಂದು ಡಬ್ಬಿಯಾಗ ಕೂಡಿಸಿಡು. ರಿಟೈರ್ ಆದ ಮ್ಯಾಲ ಇಬ್ಬರೂ ಕೂಡಿ ಚೀನಾಕ್ಕ ಕಳಸೋಣು."

ಆಪರೇಷನ್ ಕೋಣೆ ಬಿಟ್ಟರೆ ಎ.ಸಿ. ಇದ್ದದ್ದು ನಮ್ಮಲ್ಲೇ. ಹೊಸಪೇಟೆಯ ಬೇಸಿಗೆ ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಏಪ್ರಿಲ್ ಬಂತೆಂದರೆ ಇಡೀ ಆಸ್ಪತ್ರೆಗೆ ಎಕೋ ಕೋಣೆಯಲ್ಲಿ ಏನೋ ಒಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಒಬ್ಬರು ಪೆನ್ನು ಮರೆತಿರುವರು, ಇನ್ನೊಬ್ಬರು ಮಷೀನು ಚೆನ್ನಾಗಿದೆಯೇ ಎಂದು ವಿಚಾರಿಸಲು ಬರುವರು. ಮೇಡಂ ಇದಕ್ಕೊಂದು ಮದ್ದು ಕಂಡುಹಿಡಿದರು. ಕೆಲಸವಿಲ್ಲದೆ ಬಂದವರನ್ನೆಲ್ಲ ಮಂಚದ ಮೇಲೆ ಮಲಗಿಸಿ ತಣ್ಣನೆಯ ಜೆಲ್ ಹಚ್ಚಿ ಎಕೋ ಮಾಡಿಬಿಡುವುದು. ಆಡಳಿತಾಧಿಕಾರಿಗಳು ಒಮ್ಮೆ ಎ.ಸಿ. ಸರಿಯಾಗಿದೆಯೇ ಎಂದು ನೋಡುವ ನೆಪದಲ್ಲಿ ಬಂದು ಹಾಗೆ ಸಿಕ್ಕಿಬಿದ್ದರು. ಗುಂಡಿಗೆ ಗುಂಡುಕಲ್ಲಿನಂತಿತ್ತು. ಮೇಡಂ ಮಾತ್ರ ಪರದೆಯನ್ನು ನೋಡಿ ನೋಡಿ ನಿಟ್ಟುಸಿರು ಬಿಟ್ಟು, "ಸಂಜಿಮುಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂತೀರೇನು?" ಎಂದರು. ಅವರು ಹೌದೆಂದರು. "ಬಿಡ್ರಿ," ಎಂದು ಜೆಲ್ ಒರೆಸಲು ನನಗೆ ಸನ್ನೆ ಮಾಡಿದರು. ಪಾಪ, ಆ ಮನುಷ್ಯ ಆ ಬೇಸಿಗೆಯೆಲ್ಲ ಮಿರ್ಚಿಯನ್ನೂ ಮುಟ್ಟಲಿಲ್ಲ, ನಮ್ಮ ಬಾಗಿಲನ್ನೂ ಮುಟ್ಟಲಿಲ್ಲ.

ಗಣಿಯಿಂದ ಹೊಸದಾಗಿ ಕೈ ತುಂಬಿದವರು ಬರುತ್ತಿದ್ದರು. ಸಂಡೂರು ಕಡೆಯ ಕಾಂಟ್ರ್ಯಾಕ್ಟರ್ ಒಬ್ಬರು ಬಿಳಿ ಬಟ್ಟೆ, ಬಿಳಿ ಕಾರು, ಕೊರಳಲ್ಲಿ ಎತ್ತಿಗೆ ಕಟ್ಟಬಹುದಾದಂಥ ಬಂಗಾರದ ಸರಗಳೊಂದಿಗೆ ಬಂದು ನಿಂತರು. ಅವರಿಗೆ ಎದೆನೋವೂ ಇರಲಿಲ್ಲ, ಏದುಸಿರೂ ಇರಲಿಲ್ಲ. "ನಮ್ಮ ದೋಸ್ತ ಬೆಂಗಳೂರಾಗ ಹಾರ್ಟಿನ ಟೆಸ್ಟ್ ಮಾಡಿಸ್ಯಾನ್ರಿ. ನನಗೂ ಮಾಡಿ ಕೊಡ್ರಿ, ಜಲ್ದಿ," ಎಂದರು. ಬಂಡ್ರಿಯಿಂದ ಬಂದ, ಗಣಿಯಲ್ಲಿ ಕೂಲಿ ಮಾಡುವ ಅಜ್ಜಿಯೊಬ್ಬಳು ಮುಂದೆ ಕುಳಿತಿದ್ದಳು. ಅವಳಾದ ಮೇಲೆ ನೀವು ಎಂದು ಮೇಡಂ ಬೆಂಚು ತೋರಿಸಿದರು. ಆ ಅಜ್ಜಿಯನ್ನು ಅಂದು ಎಂದಿಗಿಂತ ಹೆಚ್ಚು ಹೊತ್ತು, ಊರ ಸುದ್ದಿಯನ್ನೆಲ್ಲ ಕೇಳಿಕೊಂಡು, ಆರಾಮಾಗಿ ಪರೀಕ್ಷೆ ಮಾಡಿದರು. ಕೊನೆಗೆ ಸಾಹುಕಾರರ ಸರದಿ ಬಂತು. ಪರದೆಯ ಮೇಲೆ ತಮ್ಮ ಗುಂಡಿಗೆ ಕಂಡು ಅವರಿಗೆ ಖುಷಿಯಾಯಿತು.

"ದೊಡ್ಡದೈತೇನ್ರಿ ನಂದು?"

"ದೊಡ್ಡದಾದ್ರ ರೋಗರೀ ಅದು. ನಿಮ್ಮದು ಸಣ್ಣದೈತಿ."

"ಎಷ್ಟು ಸಣ್ಣದ್ರಿ?"

"ಆಗ ಹೋದಳಲ್ಲ ಅಜ್ಜಿ, ಆಕಿದು ಇದ್ದಷ್ಟ."

ಕಾಯಿಲೆಯಿಲ್ಲ ಎಂದು ಬರೆದುಕೊಟ್ಟರೂ ಅವರು ಮುಖ ಇಳಿಬಿಟ್ಟುಕೊಂಡೇ ಹೋದರು.

ಮೇಡಂ ಅವರಿಂದ ನೇರ ಉತ್ತರ ಪಡೆದವರು ಊರಲ್ಲಿ ಯಾರೂ ಇರಲಿಲ್ಲ. ಔಷಧಿಯ ವಿಷಯ, ಯಾವಾಗ ಬರಬೇಕು, ಏನು ತಿನ್ನಬಾರದು ಎಂಬುದನ್ನು ಮಗುವಿಗೆ ಹೇಳಿದಂತೆ ಬಿಡಿಸಿ ಹೇಳುವರು. ಅದರಾಚೆ ಏನು ಕೇಳಿದರೂ ಸುತ್ತಿ ಬಳಸಿ ಬೇರೆಲ್ಲಿಗೋ ಒಯ್ದು ನಿಲ್ಲಿಸುವರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದರು. ನನಗೇ ಮೂರು ಹೇಳಿದ್ದಾರೆ, ಮೂರರಲ್ಲೂ ವರ ಬೇರೆ ಬೇರೆ. ಇಷ್ಟು ವರ್ಷ ಹೊಸಪೇಟೆಯಲ್ಲಿದ್ದೂ ಒಮ್ಮೆಯೂ ಹಂಪಿ ನೋಡಲಿಲ್ಲವಂತಲ್ಲ ಎಂದು ಹೊರಗಿನ ಡಾಕ್ಟರೊಬ್ಬರು ಆಶ್ಚರ್ಯಪಟ್ಟಾಗ, "ಅಲ್ಲೂ ಎಲ್ಲಾ ಒಡದಾವ, ನನ್ನ ಹತ್ತರ ಬರೋವೂ ಒಡದಾವ. ಇವನ್ನ ಮುಗಿಸಿ ಅವನ್ನ ನೋಡಾಕ ಹೋಗ್ತೀನಿ," ಎಂದಿದ್ದರು.

ಅವರ ಕೆಲಸದ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಲಿಂಗವಂತರ ಮನೆಗಳು ಬಹಳ. ಕೊರಳಲ್ಲಿ ಶಿವದಾರ, ಅದರ ತುದಿಗೆ ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ. ಅದು ಬಂದು ಕೂರುವುದು ಎದೆಯ ಮೇಲೆ, ನಮ್ಮ ಪ್ರೋಬು ಕೂರಬೇಕಾದ ಜಾಗದ ಆಸುಪಾಸಿನಲ್ಲೇ. ಜೀವವಿರುವ ತನಕ ಅದನ್ನು ಮೈಯಿಂದ ಅಗಲಿಸಬಾರದೆಂದು ನಂಬಿದವರಿಗೆ ತೆಗೆದು ಟ್ರೇಯಲ್ಲಿಡಿ ಎಂದರೆ ಹೇಗಾಗಬೇಡ? ಹೊಸದರಲ್ಲಿ ಹಾಗೆಯೇ ಹೇಳುತ್ತಿದ್ದೆವು. ಕಂಪ್ಲಿಯ ಹಿರಿಯರೊಬ್ಬರು ಆ ಮಾತು ಕೇಳಿದ್ದೇ ಮಂಚದಿಂದ ಇಳಿದು ಅಂಗಿ ಹಾಕಿಕೊಳ್ಳತೊಡಗಿದರು. ಎದೆ ಹೋದರೆ ಹೋಗಲಿ, ಲಿಂಗ ತೆಗೆಯುವುದಿಲ್ಲ ಎಂದರು. ಮೇಡಂ ಸ್ಟೂಲಿನಿಂದ ಇಳಿದು ಅವರ ಮುಂದೆ ನಿಂತರು.

"ಅಜ್ಜಾರ, ತಗೀಬ್ಯಾಡ್ರಿ. ಪೂಜಿ ಮಾಡುವಾಗ ಲಿಂಗ ಯಾವ ಕೈಯಾಗ ಹಿಡಿತೀರಿ?"

"ಎಡಗೈಯಾಗ್ರಿ. ಮತ್ತ್ಯಾವ ಕೈಯಾಗ ಹಿಡಿತಾರ?"

"ನನಗೂ ಎಡಗೈ ಬೇಕಾಗೇತಿ. ಎಡಮಗ್ಗಲಾಗಿ ಮಕ್ಕೊಳ್ರಿ, ಎಡಗೈ ತಲಿ ಮ್ಯಾಲ ತಗೋರಿ, ಅಂಗೈಯಾಗ ಲಿಂಗ ಹಿಡಕೊಳ್ರಿ. ನೀವು ನಿಮ್ಮ ಪೂಜಿ ಮಾಡ್ರಿ, ನಾ ನಂದು ಮಾಡ್ತೀನಿ."

ಹಿರಿಯರು ಒಂದು ಗಳಿಗೆ ಯೋಚಿಸಿ, ಅಂಗಿ ಬಿಚ್ಚಿ ಮಲಗಿದರು. ಎಕೋ ಮಾಡುವಾಗ ಎಡಗೈ ಮೇಲಿರಬೇಕು, ಆಗ ಪಕ್ಕೆಲುಬುಗಳ ಸಂದಿ ಅಗಲವಾಗಿ ಒಳಗಿನದು ಚೆನ್ನಾಗಿ ಕಾಣುತ್ತದೆ. ಜನ ಕೈ ಸೋತು ಮತ್ತೆ ಮತ್ತೆ ಕೆಳಗಿಳಿಸುವುದು ನಮಗೊಂದು ದೊಡ್ಡ ತಲೆನೋವಾಗಿತ್ತು. ಅಂಗೈಯಲ್ಲಿ ದೇವರಿದ್ದಾಗ ಯಾರು ಕೈ ಇಳಿಸುತ್ತಾರೆ? ಹಿರಿಯರು ಕಣ್ಣು ಮುಚ್ಚಿದರು, ಉಸಿರು ತಾನಾಗಿ ನಿಧಾನವಾಯಿತು, ಅಂಥ ಸ್ಪಷ್ಟ ಚಿತ್ರ ಆ ಮಷೀನಿನಲ್ಲಿ ಅಲ್ಲಿಯವರೆಗೂ ಬಂದಿರಲಿಲ್ಲ. ಮೇಡಂ ಕಾಲು ಜೋರಾಗಿ ಆಡುತ್ತಿದ್ದವು.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಲಿಂಗವಿಲ್ಲದವರು ಕೊರಳಲ್ಲಿದ್ದದ್ದನ್ನು ಹಿಡಿಯಬೇಕು. ಲಾರಿ ಡ್ರೈವರು ತಾಯಿತ ಹಿಡಿಯುತ್ತಿದ್ದ, ಹೆಂಗಸರು ತಾಳಿ ಹಿಡಿಯುತ್ತಿದ್ದರು. ತೋರಣಗಲ್ಲಿನ ಕಾರ್ಖಾನೆಯ ಕಾಂಟ್ರ್ಯಾಕ್ಟ್ ಕೆಲಸಗಾರನೊಬ್ಬ ಗೇಟ್ ಪಾಸು ತೆಗೆದಿಡಲು ಒಪ್ಪದೆ, ಅದು ಕಳೆದರೆ ಒಳಗೇ ಬಿಡುವುದಿಲ್ಲವೆಂದು ಅಲವತ್ತುಕೊಂಡಾಗ ಮೇಡಂ ಅದನ್ನೇ ಅವನ ಎಡ ಅಂಗೈಯಲ್ಲಿಟ್ಟರು. ಅವನೂ ಕಣ್ಣು ಮುಚ್ಚಿ ಭಕ್ತಿಯಿಂದಲೇ ಮಲಗಿದ.

ಇನ್ನು ಕಂಪ್ಲಿಯ ಸೊಸೆಯೊಬ್ಬಳ ವಿಷಯ. ಮೇಡಂ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ.

ಕಂಪ್ಲಿಯ ರೈಸ್ ಮಿಲ್ಲಿನ ಮನೆಯವರು ಬಂದಿದ್ದರು. ಹುಡುಗಿ, ಅವಳ ಗಂಡ, ಅತ್ತೆ, ಮಾವ. ಹುಡುಗಿಯ ತವರು ಪಕ್ಕದ ಮೆಟ್ರಿ. ಮದುವೆಯಾಗಿ ವರ್ಷ ದಾಟಿತ್ತು, ಐದು ತಿಂಗಳ ಬಸುರಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಅಂಗಾತ ಮಲಗಿದರೆ ಕೆಮ್ಮು. ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳಂತೆ. ಮೊದಮೊದಲು ಮೈಗಳ್ಳತನ ಎಂದರು, ಆಮೇಲೆ ದಮ್ಮು ಎಂದು ಗುಳಿಗೆ ಕೊಡಿಸಿದರು. ಗುಣವಾಗದಾಗ ನಮ್ಮಲ್ಲಿಗೆ ಕರೆತಂದರು.

ಅತ್ತೆಯನ್ನು ನೋಡಿದೊಡನೆ ನನಗೆ ಆ ಹುಡುಗಿಯ ಬಗ್ಗೆ ಮರುಕ ಹುಟ್ಟಿತು. ಇಳಕಲ್ಲು ಸೀರೆ, ದೊಡ್ಡ ಮೂಗುಬಟ್ಟು, ಯಾರನ್ನೂ ಬಿಡದೆ ಅಳೆಯುವ ಕಣ್ಣು. ಮಾವ ಕಡಿಮೆ ಮಾತಿನ ಮನುಷ್ಯ, ಆದರೆ ಅವರು ಕೆಮ್ಮಿದರೂ ಮಗ ಎದ್ದು ನಿಲ್ಲುತ್ತಿದ್ದ. ಎಲ್ಲರನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಿ ಹುಡುಗಿಯನ್ನಷ್ಟೇ ಒಳಗೆ ತಂದೆ. ತಾಳಿ ಬೆನ್ನಿಗೆ ಸರಿಸಿ, ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಮಲಗಿದಳು.

ಸ್ವಲ್ಪ ಹೊತ್ತಿನಲ್ಲೇ ಮೇಡಂ ಕಾಲು ನಿಂತವು. ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಒಂದು ಕವಾಟವಿದೆ. ಬಾಗಿಲಿನಂತೆ ಪೂರ್ತಿ ತೆರೆಯಬೇಕಾದ ಅದು ದಪ್ಪಗಾಗಿ, ಅಂಚು ಅಂಟಿಕೊಂಡು, ಅಂಗಿಯ ಗುಂಡಿ ಹಾಕುವ ಸೀಳಿನಷ್ಟೇ ತೆರೆಯುತ್ತಿತ್ತು. ಹಿಂದೆ ನಿಂತ ರಕ್ತ ಶ್ವಾಸಕೋಶಕ್ಕೆ ಒತ್ತುತ್ತಿತ್ತು. ಬಸುರಿಗೆ ತಿಂಗಳು ತುಂಬಿದಂತೆಲ್ಲ ಅಪಾಯ ಹೆಚ್ಚು. ಇಂಥದು ಬರುವುದು ಸಾಮಾನ್ಯವಾಗಿ ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲು ಬಾವು ಬಂದುಹೋದವರಿಗೆ. ಕೀಲಿನ ಬಾವು ಇಳಿಯುತ್ತದೆ, ಗುಂಡಿಗೆಯಲ್ಲಿ ಅದರ ಗುರುತು ಉಳಿದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ.

"ಸಣ್ಣಾಕಿದ್ದಾಗ ಮೊಣಕಾಲು, ಮಣಿಕಟ್ಟು ಬಾತಿದ್ವೇನವ್ವಾ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಹುಡುಗಿ ಬಾಗಿಲ ಕಡೆ ನೋಡಿದಳು. ಅವಳ ಧ್ವನಿ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ.

"ಬಾತಿದ್ವು ಮೇಡಮ್ಮಾರ. ಸಾಲಿಗೆ ಹೋಗ್ತಿದ್ದೆ ಆಗ. ತಿಂಗಳಿಗೊಂದು ಸೂಜಿ ಹಾಕಸ್ತಿದ್ರು, ಆಮ್ಯಾಲ ಬಿಟ್ರು. ಮದುವಿ ಮುಂದ ಯಾರೂ ಕೇಳಲಿಲ್ಲ, ನೀ ತಾನಾಗಿ ಹೇಳಾಕ ಹೋಗಬ್ಯಾಡ ಅಂದ್ಲು ನಮ್ಮವ್ವ. ನಮ್ಮ ಮಾವಗ ಗೊತ್ತಾದ್ರ ಮುಚ್ಚಿಟ್ಟು ಮದುವಿ ಮಾಡ್ಯಾರಂತ ನನ್ನ ಮೆಟ್ರಿಗೆ ಬಿಟ್ಟು ಬರ್ತಾರ್ರಿ. ಅಲ್ಲಿ ಬಿಟ್ರ ನನ್ನ ಯಾರು ಬೆಂಗಳೂರು, ಹುಬ್ಬಳ್ಳಿ ಅಂತ ಕರಕೊಂಡು ತಿರಗ್ತಾರ್ರಿ?"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ರಕ್ತನಾಳದೊಳಗಿಂದ ಪುಟ್ಟ ಬಲೂನು ಹಾಕಿ, ಉಬ್ಬಿಸಿ, ಆ ಕವಾಟವನ್ನು ಅಗಲಿಸಬೇಕಿತ್ತು, ಅದೂ ಬೇಗ. ಅದಕ್ಕೆ ಗಂಡನ ಮನೆಯವರು ಮನಸ್ಸು ಮಾಡಬೇಕು. ತವರಿಗೆ ಬಿಟ್ಟುಬಂದರೆ ಈ ಮಾತು ಪಂಚಾಯಿತಿಯಲ್ಲಿ ಸುತ್ತಾಡಿ ಮುಗಿಯುವುದರೊಳಗೆ ಹುಡುಗಿಯೂ ಮುಗಿಯುತ್ತಿದ್ದಳು. ಮೇಡಂ ಅವಳ ಹಣೆಯ ಮೇಲೆ ಕೈಯಿಟ್ಟು, "ನೀ ನನಗ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ. ಸುಮ್ಮನ ಮಕ್ಕೊ," ಎಂದರು.

ಆಮೇಲೆ ಮನೆಯವರನ್ನು ಒಳಗೆ ಕರೆಯಲು ಹೇಳಿದರು. ಪರದೆಯ ಮೇಲೆ ಚಿತ್ರ ನಿಲ್ಲಿಸಿ, ಕಾಲುವೆಯ ತೂಬು ತುಕ್ಕು ಹಿಡಿದು ಅರ್ಧಕ್ಕೇ ಸಿಕ್ಕಿಕೊಂಡರೆ ಗದ್ದೆಗೆ ನೀರು ಹೇಗೆ ಹೋದೀತು, ಹಿಂದೆ ನೀರು ಹೇಗೆ ನಿಂತೀತು ಎಂದು ವಿವರಿಸಿದರು. ಕಂಪ್ಲಿಯವರಿಗೆ ತೂಬಿನ ಮಾತು ಎರಡು ಸಲ ಹೇಳಬೇಕಿರಲಿಲ್ಲ. ಬೆಂಗಳೂರಿನ ಆಸ್ಪತ್ರೆ, ಬಲೂನು, ತಾಯಿ ಮಗು ಇಬ್ಬರೂ ಉಳಿಯುವ ಭರವಸೆ, ತಡ ಮಾಡಿದರೆ ಆಗುವ ಅನಾಹುತ ಎಲ್ಲ ಹೇಳಿದರು. ಮಾವ ಮೀಸೆ ಸವರುತ್ತ ಕೇಳಿಸಿಕೊಂಡರು. ಗಂಡ ನೆಲ ನೋಡುತ್ತಿದ್ದ.

ಆಗ ಅತ್ತೆ ಬಾಯಿ ತೆರೆದಳು. ಕೋಣೆಯೆಲ್ಲ ಕೇಳುವ ಹಾಗೆ, ಒಂದೊಂದೇ ಶಬ್ದ ಎತ್ತಿಟ್ಟಂತೆ ಕೇಳಿದಳು.

"ಇದು ಮದುವಿಗಿಂತ ಮದಲ ಇತ್ತೇನ್ರಿ?"

ಮಾವ ಮೀಸೆಯ ಮೇಲಿನ ಕೈ ಕೆಳಗಿಳಿಸಿದರು. ಗಂಡ ತಲೆಯೆತ್ತಿದ. ಹುಡುಗಿ ಅಂಗೈಯಲ್ಲಿದ್ದದ್ದನ್ನು ಬಿಗಿಯಾಗಿ ಹಿಡಿದುಕೊಂಡಳು. ನನಗೆ ಆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಯ ಹೆಣ್ಣು ಸಾಯುತ್ತಿದ್ದಾಳೆ, ಇವಳಿಗೆ ತಕರಾರಿನ ಚಿಂತೆ.

ಮೇಡಂ ಪ್ರೋಬನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿದರು. ಏಲಕ್ಕಿಯನ್ನು ಬಾಯಲ್ಲಿ ಈ ಕಡೆಯಿಂದ ಆ ಕಡೆಗೆ ಹೊರಳಿಸಿದರು. ಆಮೇಲೆ ಪರದೆಯ ಮೇಲಿನ ಮೂಲೆಗೆ ಬೆರಳಿಟ್ಟರು. ಮಷೀನು ಪ್ರತಿ ಚಿತ್ರದ ಮೂಲೆಯಲ್ಲೂ ಅಂದಿನ ತಾರೀಖು ತೋರಿಸುತ್ತದೆ.

"ಇಲ್ಲಿ ನೋಡ್ರಿ. ತಾರೀಖು ಐತಿ, ಯಾವತ್ತಿಂದು?"

ಮಾವ ಕನ್ನಡಕ ಏರಿಸಿ ಬಗ್ಗಿ ಓದಿದರು. "ಇವತ್ತಿಂದ್ರಿ."

"ಹಾಂ. ಇವತ್ತು ಬ್ಯಾನಿ ಐತಿ ಅಂತ ಮಷೀನ್ ಹೇಳೇತಿ. ನಿನ್ನಿ ಇತ್ತೋ ಇಲ್ಲೋ ಗೊತ್ತಾಗಬೇಕಂದ್ರ ನಿನ್ನಿ ಕರಕೊಂಡು ಬರಬೇಕಿತ್ರಿ. ಹ್ವಾದ ವರ್ಷದ್ದು ಬೇಕಂದ್ರ ಹ್ವಾದ ವರ್ಷ. ಇದಕ್ಕ ಹಿಂದಿಂದು ಕಾಣಂಗಿಲ್ಲ, ಮುಂದಿಂದು ಕಾಣಂಗಿಲ್ಲ. ಮದುವ್ಯಾಗ ಹುಡುಗಿ ಹೆಂಗಿದ್ಲು?"

"ಚಲೋ ಇದ್ಲಲ್ರಿ," ಎಂದರು ಮಾವ.

"ಮತ್ತ? ನೀವ ನೋಡೀರಲ್ಲ."

ಅತ್ತೆ ಗಂಡನ ಕಡೆ ತಿರುಗಿ, "ಅಂದ್ರ ನಮ್ಮ ಮನಿಗೆ ಬಂದ ಮ್ಯಾಲನ ಬಂದಿದ್ದು. ನಾವ ನೋಡಿಕೋಬೇಕು. ಮತ್ತೊಬ್ಬರನ್ನ ಏನು ಕೇಳೋದೈತಿ?" ಎಂದಳು. ಮಾವ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ತಮ್ಮ ಮಿಲ್ಲಿನ ತೌಡಿನ ಧೂಳಿನಿಂದ ಹೀಗಾಗಿರಬಹುದೇ ಎಂದು ಕೇಳಿದರು. ಅದಲ್ಲ ಎಂದು ಮೇಡಂ ಸ್ಪಷ್ಟವಾಗಿಯೇ ಹೇಳಿದರು. ಆದರೂ ಮನುಷ್ಯನಿಗೆ ಅನುಮಾನ ಹೋದಂತೆ ಕಾಣಲಿಲ್ಲ. ಬೆಂಗಳೂರಿಗೆ ಯಾವಾಗ ಹೊರಡಬೇಕೆಂದು ಮಗನಿಗೆ ಹೇಳುತ್ತಲೇ ಹೊರಗೆ ನಡೆದರು.

ಬಾಗಿಲು ಮುಚ್ಚಿದ್ದೇ ತಡ, ಮೇಡಂ ಸ್ಟೂಲಿನ ಮೇಲೆ ಕುಳಿತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನು, "ಸುಳ್ಳು ಹೇಳಿದಂಗಾಗಲಿಲ್ಲೇನ್ರಿ ಮೇಡಂ?" ಎಂದೆ.

"ಎಲ್ಲಿ ಸುಳ್ಳು? ತಾರೀಖು ಸರಿ ಇತ್ತಲ್ಲ. ರೋಗಿ ನನಗ ಹೇಳಿದ್ದು ನನ್ನ ಹೊಟ್ಯಾಗ ಇರಬೇಕು, ಅತ್ತಿ ಕಿವ್ಯಾಗ ಅಲ್ಲ. ಆಕಿಗೆ ಹೆಂಗ ಚಳ್ಳೆಹಣ್ಣು ತಿನ್ನಿಸಿದೆ ನೋಡಿದಿಲ್ಲ?"

ಮುಂದೆ ಎಷ್ಟೋ ದಿನ ಚಹಾದ ಹೊತ್ತಿಗೆ ಆ ಅತ್ತೆಯ ನಕಲು ನಡೆಯಿತು. ಟವೆಲು ತಲೆಗೆ ಹೊದ್ದು, ಮೂಗಿಗೆ ಬೆರಳಿಟ್ಟು, "ಇದು ಮದುವಿಗಿಂತ ಮದಲ ಇತ್ತೇನ್ರಿ?" ಎಂದು ಗಂಟಲು ದಪ್ಪ ಮಾಡಿ ಕೇಳುವರು. ನಾವು ಚಹಾ ಚೆಲ್ಲಿಕೊಂಡು ನಗುತ್ತಿದ್ದೆವು. ತಾವು ಗೆದ್ದ ಆಟಗಳನ್ನು ಅವರು ಬೇಗ ಮರೆಯುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಬಲೂನು ಹಾಕಿಸಿ ಬಂದರು. ತಿಂಗಳು ತುಂಬಿ ಹೆಣ್ಣುಮಗುವಾಯಿತು. ಮಗು ಕತ್ತು ನಿಲ್ಲಿಸುವಷ್ಟಾದ ಮೇಲೆ ಮತ್ತೆ ಎಕೋ ಮಾಡಿಸಲು ಬಂದರು. ಗಂಡಸರು ಹೊರಗಿದ್ದರು. ಇನ್ನೂ ಹಾಲು ಕುಡಿಯುವ ಕೂಸಾದ್ದರಿಂದ ಅದನ್ನು ಹೆಗಲಿಗೆ ಹಾಕಿಕೊಂಡು ಅತ್ತೆಯೂ ಒಳಗೆ ಬಂದಳು. ಹುಡುಗಿ ಎಡಮಗ್ಗುಲಾಗಿ ಮಲಗಿದಳು. ಕವಾಟ ಈಗ ಸರಾಗವಾಗಿ ತೆರೆಯುತ್ತಿತ್ತು. ಮೇಡಂ ಕಾಲಾಡಿಸುತ್ತ, ತಿಂಗಳಿಗೊಂದು ಸೂಜಿ ಶುರು ಮಾಡಬೇಕು, ನಡುವೆ ಬಿಡಬಾರದು ಎಂದು ಹೇಳುತ್ತಿದ್ದರು.

"ಬಿಡಂಗಿಲ್ರಿ," ಎಂದಳು ಅತ್ತೆ, ಕೂಸಿನ ಬೆನ್ನು ತಟ್ಟುತ್ತ. "ಸಣ್ಣಾಕಿದ್ದಾಗ ಇವರವ್ವ ಬಿಡಿಸಿದ್ದಕ್ಕನ ಇಷ್ಟೆಲ್ಲಾ ಆತು."

ಮೇಡಂ ತಿರುಗಿ ನೋಡಿದರು. ಆಡುತ್ತಿದ್ದ ಕಾಲು ನಿಂತವು.

"ನಿಮಗ ಗೊತ್ತಿತ್ತೇನ್ರಿ?"

"ಮೆಟ್ರಿ ಏನು ದೂರ ಐತ್ರಿ? ಮಗಗ ಹೆಣ್ಣು ತರಬೇಕಾದ್ರ ಸುಮ್ಮನ ತರ್ತಾರೇನು? ಕೀಲು ಬಾತಿದ್ದು, ಸೂಜಿ ಹಾಕಸಿದ್ದು ಎಲ್ಲಾ ವಿಚಾರಿಸಿದ್ದೆ. ಹುಡುಗಿ ನನ್ನ ಮನಸಿಗೆ ಬಂದಿದ್ಲು, ಸೊಸಿ ಮಾಡಿಕೊಂಡೆ. ಎದಿಗೆ ಇಳದೈತಿ ಅಂತ ಮಾತ್ರ ನನಗೂ ಗೊತ್ತಿರಲಿಲ್ಲ."

"ಮತ್ತ ಅವತ್ತು ಎಲ್ಲಾರ ಮುಂದ ಯಾಕ ಕೇಳಿದ್ರಿ?"

"ನಾ ನಿಮ್ಮನ್ನ ಕೇಳದಿದ್ರ ನಮ್ಮ ಯಜಮಾನ್ರು ಮನಿಗೆ ಹೋಗಿ ಈಕಿನ್ನ ಕೇಳ್ತಿದ್ರು. ಈಕಿಗೆ ಸುಳ್ಳು ಹೇಳಾಕ ಬರಂಗಿಲ್ರಿ."

"ನಾ ಹೌದು ಅಂದಿದ್ರ?"

ಅತ್ತೆ ನಕ್ಕಳು. ಆ ಮುಖಕ್ಕೆ ನಗು ಇಷ್ಟು ಒಪ್ಪುತ್ತದೆಂದು ನಾನು ಎಣಿಸಿರಲಿಲ್ಲ.

"ಅವತ್ತು ಭಾಳ ಹೊತ್ತು ನಿಮ್ಮ ಬಾಗಲದಾಗ ಕುಂತಿದ್ದೆನಲ್ರಿ. ಒಳಗ ಹೋಗಿ ಬಂದೋರಿಗೆ ನೀವು ಏನೇನು ಅಂದ್ರಿ ಎಲ್ಲಾ ಕೇಳಸ್ತಿತ್ತು. ಕೇಳಿದ್ದಕ್ಕ ನೆಟ್ಟಗ ಹೌದು, ಅಲ್ಲ ಅನ್ನೋ ಪೈಕಿ ಅಲ್ಲ ನೀವು."

ಪ್ರೋಬು ಇನ್ನೂ ಹುಡುಗಿಯ ಎದೆಯ ಮೇಲೇ ಇತ್ತು. ಪರದೆಯ ಮೇಲೆ ಅದುವರೆಗೂ ಸಮನಾಗಿ ಬಡಿಯುತ್ತಿದ್ದ ಗುಂಡಿಗೆ ಇದ್ದಕ್ಕಿದ್ದಂತೆ ಓಡತೊಡಗಿತ್ತು. ಅತ್ತೆಗೆ ಮೊದಲಿಂದ ಎಲ್ಲ ಗೊತ್ತಿತ್ತೆಂಬುದು ಅವಳಿಗೆ ತಿಳಿದದ್ದು ಆಗಲೇ. ಕಣ್ಣೀರು ಮೂಗಿನ ಮೇಲಿಂದ ದಾಟಿ ದಿಂಬಿಗೆ ಇಳಿಯುತ್ತಿತ್ತು. ಕೈ ಮಾತ್ರ ಕೆಳಗಿಳಿಸಿರಲಿಲ್ಲ.

"ಗೊತ್ತಿದ್ರ ನನಗರ ಒಂದು ಮಾತು ಹೇಳಬಾರದಿತ್ತೇನತ್ತಿ?" ಎಂದಳು.

"ನಿನಗ ಹೇಳಿದ್ರ ನಿನ್ನ ಮಾರಿ ನೋಡಿನ ನಿಮ್ಮ ಮಾವಗ ತಿಳೀತಿತ್ತು," ಎಂದಳು ಅತ್ತೆ. ಆಮೇಲೆ ಪರದೆ ಕಣ್ಣಿಗೆ ಬಿದ್ದು ಗಾಬರಿಯಾದಳು. "ಯಾಕ್ರಿ ಹಿಂಗ ಓಡಾಕತ್ತೈತಿ? ಮತ್ತ ಬ್ಯಾನಿ ಬಂತೇನು?"

"ಇಲ್ರಿ. ಒಳಗ ಒಂದು ಹೆದರಿಕಿ ಕುಂತಿತ್ತು, ಎದ್ದು ಹೊಂಟೈತಿ. ಹೋಗುವಾಗ ಒಂದೀಟು ಗದ್ದಲ ಮಾಡ್ತತಿ," ಎಂದರು ಮೇಡಂ. ಅವರ ಕಣ್ಣೂ ಒದ್ದೆಯಾಗಿತ್ತು. ಅದನ್ನು ನಾನು ನೋಡಿದೆನೆಂದು ಗೊತ್ತಾದ ಕೂಡಲೇ ನನ್ನ ಮೇಲೆ ಹರಿಹಾಯ್ದರು. "ಏನು ನೋಡ್ತಿ ಸಿಸ್ಟರ್? ರಿಪೋರ್ಟಿನಾಗ ಇದನ್ನ ಏನಂತ ಬರಿಯೋಣು, ಹೇಳು."

ಅತ್ತೆ ಕೂಸನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು, ಸೆರಗಿನ ತುದಿಯಿಂದ ಸೊಸೆಯ ಮುಖ ಒರೆಸಿದಳು.

"ಎಲ್ಲಾ ನಾರ್ಮಲ್ ಐತಿ ಅಂತ ಬರದುಬಿಡ್ರಿ," ಎಂದಳು. "ಹೊರಗ ಕುಂತೋರಿಗೆ ಅಷ್ಟು ಸಾಕು."